ಕುಡಿಯುವ ನೀರಿನ ಸುರಕ್ಷತೆ ಮತ್ತು ಡಾ. ಜಾನ್ ಸ್ನೋ (1813–1858): ನೀರಗಂಟಿಗಳು ಹಾಗೂ ನೀರು ಸಮಿತಿ ಸದಸ್ಯರು ಅರಿಯಬೇಕಾದ ಜೀವನ ಚರಿತ್ರೆ

ಪೀಠಿಕೆ

ಕುಡಿಯುವ ನೀರು ಮನುಷ್ಯನ ಮೂಲಭೂತ ಅವಶ್ಯಕತೆಗಳಲ್ಲಿ ಮೊದಲನೆಯದಾಗಿದೆ. ಮನೆಗೆ ನಳ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ನೀರು ಸಕಾಲಕ್ಕೆ ಬರಲಿ ಎಂದು ಬಯಸುವಷ್ಟೇ, ಬಂದ ನೀರು ಆರೋಗ್ಯಕ್ಕೆ ಹಾನಿಯುಂಟುಮಾಡದಿರಲಿ ಎಂದೂ ಬಯಸುತ್ತಾರೆ. ಗ್ರಾಮೀಣ ಪ್ರದೇಶದ ಅನೇಕ ನೀರು ಸರಬರಾಜು ಯೋಜನೆಗಳು ಗಾತ್ರದಲ್ಲಿ ಚಿಕ್ಕವು. ಒಂದು ಕೊಳವೆ ಬಾವಿ, ಒಂದು ಪಂಪು, ಒಂದು ಟ್ಯಾಂಕು ಅಥವಾ ತೊಂಬೆ, ಇವುಗಳನ್ನು ನೋಡಿಕೊಳ್ಳುವ ಒಬ್ಬ ನೀರಗಂಟಿ, ಮೇಲ್ವಿಚಾರಣೆಗೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ. ಬಹುತೇಕ ಇಷ್ಟೇ ಅವುಗಳ ವ್ಯವಸ್ಥೆ.

ಕವಾಟ ತಿರುಗಿಸಿ ನೀರು ಬಿಡುವ ಕೆಲಸಕ್ಕೆ ತರಬೇತಿ ಏಕೆ, ಸಭೆಯಲ್ಲಿ ಕುಳಿತು ಸಹಿ ಮಾಡುವ ಸದಸ್ಯರಿಗೆ ತರಬೇತಿ ಏಕೆ ಎಂಬ ಪ್ರಶ್ನೆ ಹಲವರಲ್ಲಿ ಮೂಡುವುದು ಸಹಜ. ಈ ಪ್ರಶ್ನೆಗೆ 1854ನೇ ಇಸವಿಯಲ್ಲಿ ಇಂಗ್ಲೆಂಡಿನ ಲಂಡನ್ ನಗರದ ಒಂದು ಬೀದಿ ಪಂಪಿನ ಬಳಿ ನಡೆದ ಘಟನೆಯು ಸ್ಪಷ್ಟವಾದ ಉತ್ತರವನ್ನು ನೀಡುತ್ತದೆ. ಆ ಪಂಪಿನ ನೀರನ್ನು ನಂಬಿ ಕುಡಿದ ನೂರಾರು ಜನರು ಕೆಲವೇ ದಿನಗಳಲ್ಲಿ ಪ್ರಾಣ ಕಳೆದುಕೊಂಡರು. ಅದಕ್ಕೆ ಕಾರಣವನ್ನು ಪತ್ತೆ ಹಚ್ಚಿದ ವೈದ್ಯರು ಡಾ. ಜಾನ್ ಸ್ನೋ. ಸಾರ್ವಜನಿಕ ಆರೋಗ್ಯ ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಅಭ್ಯಸಿಸುವ ಅವರ ಜೀವನ ಮತ್ತು ಕಾರ್ಯವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಪುಟದಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಜಾನ್ ಸ್ನೋ ಅವರು 1813ರ ಮಾರ್ಚ್ 15ರಂದು ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಿಲಿಯಂ ಸ್ನೋ ಕೂಲಿ ಕಾರ್ಮಿಕರಾಗಿದ್ದರು. ತಾಯಿಯ ಹೆಸರು ಫ್ರಾನ್ಸಿಸ್. ದಂಪತಿಗಳ 9 ಮಕ್ಕಳಲ್ಲಿ ಜಾನ್ ಹಿರಿಯರು. ಅವರ ಮನೆಯಿದ್ದ ನಾರ್ತ್ ಸ್ಟ್ರೀಟ್ ಎಂಬ ಬೀದಿಯು ಊಸ್ ನದಿಯ ದಂಡೆಗೆ ಹತ್ತಿರವಾಗಿದ್ದು, ನದಿ ಉಕ್ಕಿದಾಗ ನೀರು ನುಗ್ಗುವ ಬಡವರ ಬಡಾವಣೆಯಾಗಿತ್ತು. ಶುದ್ಧ ನೀರಿನ ಕೊರತೆ ಎಂದರೇನು ಎಂಬುದನ್ನು ಅವರು ಬಾಲ್ಯದಲ್ಲಿಯೇ ಕಣ್ಣಾರೆ ಕಂಡಿದ್ದರು.

ಬಡತನವಿದ್ದರೂ ತಂದೆತಾಯಿಗಳು ಮಗನ ವಿದ್ಯಾಭ್ಯಾಸಕ್ಕೆ ಒತ್ತು ನೀಡಿದರು. ಓದಿನಲ್ಲಿ, ವಿಶೇಷವಾಗಿ ಗಣಿತದಲ್ಲಿ, ಬಾಲಕನಿಗಿದ್ದ ಆಸಕ್ತಿಯು ಮುಂದೆ ಅವರ ಜೀವನ ಕಾರ್ಯಕ್ಕೆ ಬಹುವಾಗಿ ನೆರವಾಯಿತು.

ವೈದ್ಯಕೀಯ ತರಬೇತಿ ಮತ್ತು ಕಾಲರಾದ ಮೊದಲ ಅನುಭವ

1827ರಲ್ಲಿ, 14ನೇ ವಯಸ್ಸಿನಲ್ಲಿ, ಜಾನ್ ಸ್ನೋ ಅವರನ್ನು ನ್ಯೂಕ್ಯಾಸಲ್ ಪಟ್ಟಣದ ವಿಲಿಯಂ ಹಾರ್ಡ್‌ಕ್ಯಾಸಲ್ ಎಂಬ ವೈದ್ಯರ ಬಳಿ ಶಿಷ್ಯವೃತ್ತಿಗೆ ಸೇರಿಸಲಾಯಿತು. ಗುರುವಿನ ಜೊತೆಯಲ್ಲಿದ್ದು, ಔಷಧ ತಯಾರಿಸುತ್ತಾ, ರೋಗಿಗಳನ್ನು ನೋಡುತ್ತಾ ವೃತ್ತಿಯನ್ನು ಕಲಿಯುವುದು ಅಂದಿನ ಪದ್ಧತಿಯಾಗಿತ್ತು.

1831ರ ಅಂತ್ಯದ ವೇಳೆಗೆ ಇಂಗ್ಲೆಂಡಿಗೆ ಮೊದಲ ಬಾರಿ ಕಾಲರಾ ರೋಗವು ಕಾಲಿಟ್ಟಿತು. ಸಮೀಪದ ಕಿಲ್ಲಿಂಗ್‌ವರ್ತ್ ಕಲ್ಲಿದ್ದಲು ಗಣಿಯ ಕಾರ್ಮಿಕರ ಆರೈಕೆಗಾಗಿ ಹಾರ್ಡ್‌ಕ್ಯಾಸಲ್ ಅವರು ಯುವಕ ಸ್ನೋ ಅವರನ್ನು ಕಳುಹಿಸಿದರು. ಅಲ್ಲಿ ಅವರು ಒಂದು ಸಂಗತಿಯನ್ನು ಗಮನಿಸಿದರು. ಗಣಿಯ ಒಳಗೆ ಶೌಚದ ವ್ಯವಸ್ಥೆ ಇರಲಿಲ್ಲ. ಕಾರ್ಮಿಕರು ಮನೆಯಿಂದ ತಂದ ಬುತ್ತಿಯನ್ನು ತೊಳೆಯದ ಕೈಗಳಿಂದಲೇ ಅಲ್ಲಿ ಕುಳಿತು ತಿನ್ನುತ್ತಿದ್ದರು. ರೋಗವು ಬಾಯಿಯ ಮೂಲಕ ಹೊಟ್ಟೆಯನ್ನು ಸೇರುತ್ತಿರಬಹುದೆಂಬ ಅವರ ಮುಂದಿನ ಚಿಂತನೆಗೆ ಈ ಅನುಭವವು ಆಧಾರವಾಯಿತು.

ಇದೇ ಅವಧಿಯಲ್ಲಿ ಅವರು ಸಸ್ಯಾಹಾರವನ್ನು ಸ್ವೀಕರಿಸಿ ಮದ್ಯಪಾನವನ್ನು ತ್ಯಜಿಸಿದರು. ಕುಡಿಯುವ ನೀರಿನ ಶುದ್ಧತೆಯ ಬಗ್ಗೆ ಜೀವನಪರ್ಯಂತ ವಿಶೇಷ ಎಚ್ಚರಿಕೆಯನ್ನು ವಹಿಸುತ್ತಿದ್ದರು.

ಲಂಡನ್ ವಾಸ ಮತ್ತು ಅರಿವಳಿಕೆ ಶಾಸ್ತ್ರ

1836ರಲ್ಲಿ ಸ್ನೋ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ಲಂಡನ್ ನಗರಕ್ಕೆ ತೆರಳಿದರು. 1838ರಲ್ಲಿ ಶಸ್ತ್ರವೈದ್ಯರ ಸಂಸ್ಥೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಸೋಹೋ ಬಡಾವಣೆಯಲ್ಲಿ ವೃತ್ತಿಯನ್ನು ಆರಂಭಿಸಿದರು. 1844ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಎಂ.ಡಿ. ಪದವಿಯನ್ನು ಪಡೆದರು.

1846ರ ಕೊನೆಯಲ್ಲಿ ಶಸ್ತ್ರಚಿಕಿತ್ಸೆಯ ನೋವನ್ನು ತಡೆಯುವ ಈಥರ್‌ನ ಬಳಕೆಯು ಅಮೆರಿಕದಿಂದ ಇಂಗ್ಲೆಂಡಿಗೆ ಬಂದಿತು. ಅನೇಕ ವೈದ್ಯರು ಇದನ್ನು ಅಂದಾಜಿನ ಮೇಲೆ ಬಳಸುತ್ತಿದ್ದರು. ಸ್ನೋ ಅವರು ಉಷ್ಣತೆಗೆ ಅನುಗುಣವಾಗಿ ಗಾಳಿಯಲ್ಲಿ ಎಷ್ಟು ಪ್ರಮಾಣದ ಈಥರ್ ಬೆರೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ, ನಿಗದಿತ ಪ್ರಮಾಣದಲ್ಲಿ ಅದನ್ನು ನೀಡುವ ಸಾಧನವನ್ನು ರೂಪಿಸಿದರು. 1847ರಲ್ಲಿ ಈ ಕುರಿತ ಅವರ ಪುಸ್ತಕವು ಪ್ರಕಟವಾಯಿತು. ಅಳತೆಯಿಲ್ಲದೆ ಔಷಧವನ್ನು ಕೊಡಬಾರದು ಎಂಬುದು ಅವರ ವೃತ್ತಿಯ ನಿಯಮವಾಗಿತ್ತು.

1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಯವರಿಗೆ ರಾಜಕುಮಾರ ಲಿಯೋಪೋಲ್ಡ್ ಅವರ ಜನನದ ಸಮಯದಲ್ಲಿ ಸ್ನೋ ಅವರು ಕ್ಲೋರೋಫಾರ್ಮ್ ನೀಡಿದರು. 1857ರಲ್ಲಿ ರಾಜಕುಮಾರಿ ಬಿಯಾಟ್ರಿಸ್ ಅವರ ಜನನ ಕಾಲದಲ್ಲಿಯೂ ಅವರನ್ನೇ ಕರೆಸಲಾಯಿತು. ಇದರಿಂದಾಗಿ ಅವರ ಕೀರ್ತಿಯು ದೇಶದಾದ್ಯಂತ ಹರಡಿತು. ಈ ಕೀರ್ತಿಯಲ್ಲಿಯೇ ನೆಮ್ಮದಿಯಾಗಿ ಇರಬಹುದಾಗಿದ್ದ ಅವರು ಬಡವರ ಬೀದಿಗಳಲ್ಲಿ ಕಾಲರಾದ ಕಾರಣವನ್ನು ಹುಡುಕುತ್ತಾ ಮನೆಯಿಂದ ಮನೆಗೆ ನಡೆದರು ಎಂಬುದು ಸ್ಮರಣೀಯ.

ರೋಗ ಹರಡುವ ಬಗೆ: 1849ರ ಪುಸ್ತಕ

ಕೊಳೆತ ವಸ್ತುಗಳಿಂದ ಏಳುವ ದುರ್ವಾಸನೆಯುಳ್ಳ ಗಾಳಿಯಿಂದ ಕಾಲರಾ ಬರುತ್ತದೆ ಎಂಬುದು ಅಂದಿನ ಬಹುತೇಕ ವೈದ್ಯರ ಹಾಗೂ ಅಧಿಕಾರಿಗಳ ನಂಬಿಕೆಯಾಗಿತ್ತು. ಸ್ನೋ ಅವರು ಇದನ್ನು ಒಪ್ಪಲಿಲ್ಲ. ಗಾಳಿಯಿಂದ ಬರುವ ರೋಗವಾದರೆ ಮೊದಲು ಶ್ವಾಸಕೋಶಕ್ಕೆ ತಗುಲಬೇಕಾಗಿತ್ತು. ಕಾಲರಾ ಮಾತ್ರ ವಾಂತಿ ಮತ್ತು ಭೇದಿಯಿಂದ, ಅಂದರೆ ಹೊಟ್ಟೆ ಮತ್ತು ಕರುಳಿನಿಂದ ಆರಂಭವಾಗುತ್ತದೆ. ಆದುದರಿಂದ ರೋಗಿಯ ಮಲದಲ್ಲಿರುವ ಯಾವುದೋ ವಿಷವು ನೀರು ಅಥವಾ ಆಹಾರದ ಮೂಲಕ ಬೇರೊಬ್ಬರ ಹೊಟ್ಟೆಯನ್ನು ಸೇರುತ್ತಿದೆ ಎಂದು ಅವರು ತರ್ಕಿಸಿದರು. ಈ ಅಭಿಪ್ರಾಯವನ್ನು 1849ರಲ್ಲಿ ಒಂದು ಕಿರುಪುಸ್ತಕವಾಗಿ ಪ್ರಕಟಿಸಿದರು.

ಲಂಡನ್‌ನ ದಕ್ಷಿಣ ಭಾಗದ ಒಂದೇ ಕಡೆ ಅಕ್ಕಪಕ್ಕದಲ್ಲಿದ್ದ ಎರಡು ವಠಾರಗಳ ಉದಾಹರಣೆಯನ್ನು ಅವರು ಅದರಲ್ಲಿ ನೀಡಿದ್ದರು. ಒಂದು ವಠಾರದಲ್ಲಿ ಮನೆಗಳ ಮುಂದಿನ ಬಚ್ಚಲ ನೀರು ಹರಿದು ಅಲ್ಲಿನ ಬಾವಿಯನ್ನು ಸೇರುತ್ತಿತ್ತು. ಅಲ್ಲಿ ಕಾಲರಾದಿಂದ ಅನೇಕರು ಸತ್ತರು. ಪಕ್ಕದ ವಠಾರದಲ್ಲಿ ಬಡತನವೂ ಗಾಳಿಯೂ ಒಂದೇ ಆಗಿದ್ದರೂ ಮೃತಪಟ್ಟವರು ಒಬ್ಬರು ಮಾತ್ರ.

ಪುಸ್ತಕಕ್ಕೆ ವೈದ್ಯರಿಂದ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಇನ್ನಷ್ಟು ಸಾಕ್ಷ್ಯಾಧಾರಗಳು ಬೇಕೆಂಬುದನ್ನು ಸ್ನೋ ಅವರು ಅರಿತುಕೊಂಡು ಸಂಗ್ರಹಣೆಯಲ್ಲಿ ತೊಡಗಿದರು.

ಬ್ರಾಡ್ ಸ್ಟ್ರೀಟ್ ಪಂಪು: 1854

ಅಂದು ಲಂಡನ್‌ನ ಬೀದಿಗಳಲ್ಲಿ ಬಾವಿಗಳಿಗೆ ಕೈಪಂಪು ಅಳವಡಿಸಲಾಗಿದ್ದು, ಸುತ್ತಲಿನ ನಿವಾಸಿಗಳು ಅಲ್ಲಿಂದ ನೀರು ಒಯ್ಯುತ್ತಿದ್ದರು. ಸೋಹೋ ಬಡಾವಣೆಯ ಬ್ರಾಡ್ ಸ್ಟ್ರೀಟ್‌ನಲ್ಲಿದ್ದ ಪಂಪಿನ ನೀರು ತಿಳಿಯಾಗಿಯೂ ರುಚಿಯಾಗಿಯೂ ಇದೆಯೆಂದು ಹೆಸರಾಗಿತ್ತು. ಬೇರೆ ಪಂಪು ಹತ್ತಿರವಿದ್ದ ಕೆಲವರು ಸಹ ಇಲ್ಲಿಂದಲೇ ನೀರು ತರಿಸಿಕೊಳ್ಳುತ್ತಿದ್ದರು.

1854ರ ಆಗಸ್ಟ್ 31ರ ರಾತ್ರಿ ಈ ಬಡಾವಣೆಯಲ್ಲಿ ಕಾಲರಾ ಹಠಾತ್ತನೆ ಉಲ್ಬಣಿಸಿತು. ಮುಂದಿನ 3 ದಿನಗಳಲ್ಲಿ ಬ್ರಾಡ್ ಸ್ಟ್ರೀಟ್ ಮತ್ತು ಸುತ್ತಮುತ್ತ 127 ಜನರು ಮೃತಪಟ್ಟರು. ಸೆಪ್ಟೆಂಬರ್ 10ರ ವೇಳೆಗೆ ಮೃತರ ಸಂಖ್ಯೆ 500ಕ್ಕೆ ಏರಿತು. ಒಟ್ಟು 616 ಜನರು ಈ ಒಂದು ಸಣ್ಣ ಪ್ರದೇಶದಲ್ಲಿ ಪ್ರಾಣ ಕಳೆದುಕೊಂಡರು. ಒಂದು ವಾರದೊಳಗೆ ನಿವಾಸಿಗಳಲ್ಲಿ ಬಹುಪಾಲು ಜನರು ಮನೆ ತೊರೆದು ಹೊರಟುಹೋದರು.

ಸಮೀಪದಲ್ಲಿಯೇ ವಾಸವಿದ್ದ ಸ್ನೋ ಅವರು ಸೆಪ್ಟೆಂಬರ್ 3ರ ಸಂಜೆ ಪಂಪಿನ ನೀರನ್ನು ಪರಿಶೀಲಿಸಿದರು. ಕಣ್ಣಿಗೆ ಅಂತಹ ದೋಷವೇನೂ ಕಾಣಲಿಲ್ಲ. ಆದರೂ ಅವರು ಅಲ್ಲಿಗೆ ಬಿಡದೆ, ಜನನ ಮರಣ ನೋಂದಣಿ ಕಚೇರಿಯಿಂದ ಆ ವಾರದ ಕೊನೆಯ 3 ದಿನಗಳಲ್ಲಿ ಮೃತಪಟ್ಟ 83 ಜನರ ಪಟ್ಟಿಯನ್ನು ಪಡೆದು ಪ್ರತಿಯೊಂದು ವಿಳಾಸಕ್ಕೂ ಸಂಬಂಧಿಸಿದಂತೆ ವಿಚಾರಣೆ ಕೈಗೊಂಡರು. ಅದರ ಫಲಿತಾಂಶವು ಈ ಕೆಳಕಂಡಂತಿದೆ.

1. 83 ಮರಣಗಳ ಪೈಕಿ 73 ಬ್ರಾಡ್ ಸ್ಟ್ರೀಟ್ ಪಂಪಿಗೇ ಹತ್ತಿರವಾದ ಮನೆಗಳಲ್ಲಿ ಸಂಭವಿಸಿದ್ದವು. ಈ 73 ಜನರ ಪೈಕಿ 61 ಜನರು ಸದರಿ ಪಂಪಿನ ನೀರನ್ನು ಕುಡಿಯುತ್ತಿದ್ದರು. 6 ಜನರು ಕುಡಿದಿರಲಿಲ್ಲವೆಂದು ತಿಳಿದುಬಂದಿತು. ಉಳಿದ 6 ಜನರ ಬಗ್ಗೆ ಮಾಹಿತಿ ದೊರೆಯಲಿಲ್ಲ.

2. ಬೇರೆ ಪಂಪಿಗೆ ಹತ್ತಿರವಿದ್ದ 10 ಮರಣಗಳ ಪೈಕಿ 5 ಪ್ರಕರಣಗಳಲ್ಲಿ ಮನೆಯವರು ಬ್ರಾಡ್ ಸ್ಟ್ರೀಟ್ ನೀರನ್ನೇ ಇಷ್ಟಪಟ್ಟು ತರಿಸುತ್ತಿದ್ದರು. ಇನ್ನೂ 3 ಪ್ರಕರಣಗಳಲ್ಲಿ ಮೃತರು ಈ ಪಂಪಿನ ಸಮೀಪದ ಶಾಲೆಗೆ ಹೋಗುತ್ತಿದ್ದ ಮಕ್ಕಳಾಗಿದ್ದರು.

3. ಸಮೀಪದ ಪೋಲೆಂಡ್ ಸ್ಟ್ರೀಟ್‌ನ ಬಡವರ ಆಶ್ರಯ ಗೃಹದಲ್ಲಿ 535 ಜನರಿದ್ದರು. ಸುತ್ತಲಿನ ಬೀದಿಗಳ ಪ್ರಮಾಣದಲ್ಲಿಯೇ ಸಾವು ಸಂಭವಿಸಿದ್ದರೆ ಅಲ್ಲಿ 100ಕ್ಕೂ ಹೆಚ್ಚು ಜನರು ಸಾಯಬೇಕಾಗಿತ್ತು. ಸತ್ತವರು 5 ಜನರು ಮಾತ್ರ. ಆ ಗೃಹಕ್ಕೆ ಸ್ವಂತ ಬಾವಿ ಇತ್ತು.

4. ಬ್ರಾಡ್ ಸ್ಟ್ರೀಟ್‌ನಲ್ಲಿಯೇ ಇದ್ದ ಬಿಯರ್ ತಯಾರಿಕಾ ಘಟಕದಲ್ಲಿ 70ಕ್ಕೂ ಹೆಚ್ಚು ಕೆಲಸಗಾರರಿದ್ದರೂ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ನೀಡಲಾಗುತ್ತಿದ್ದು, ಆವರಣದಲ್ಲಿ ಪ್ರತ್ಯೇಕ ಬಾವಿಯೂ ಇತ್ತು.

5. ಅದೇ ಬೀದಿಯ ಬಂದೂಕಿನ ಕೇಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಗಾರರಿಗಾಗಿ ಪಂಪಿನ ನೀರನ್ನು ತೊಟ್ಟಿಗಳಲ್ಲಿ ತುಂಬಿಡಲಾಗುತ್ತಿತ್ತು. ಅಲ್ಲಿನ ಸುಮಾರು 200 ಜನರಲ್ಲಿ 18 ಜನರು ಮೃತಪಟ್ಟರು.

6. ಹಲವು ಮೈಲಿ ದೂರದ ಹ್ಯಾಂಪ್‌ಸ್ಟೆಡ್ ಪ್ರದೇಶದಲ್ಲಿ ಕಾಲರಾ ಇಲ್ಲದಿದ್ದರೂ ಒಬ್ಬ ವಿಧವೆ ಸೆಪ್ಟೆಂಬರ್ 2ರಂದು ಆ ರೋಗದಿಂದ ಮೃತಪಟ್ಟರು. ಹಿಂದೆ ಬ್ರಾಡ್ ಸ್ಟ್ರೀಟ್‌ನಲ್ಲಿ ವಾಸವಿದ್ದ ಅವರು ಅಲ್ಲಿಯ ನೀರಿನ ರುಚಿಗಾಗಿ ಪ್ರತಿದಿನ ಗಾಡಿಯಲ್ಲಿ ಒಂದು ಬಾಟಲಿ ನೀರನ್ನು ತರಿಸಿಕೊಳ್ಳುತ್ತಿದ್ದರು. ಆ ನೀರು ಕುಡಿದ ಅವರ ಸೋದರ ಸೊಸೆಯೂ ಇಸ್ಲಿಂಗ್ಟನ್ ಎಂಬ ಮತ್ತೊಂದು ಪ್ರದೇಶದ ತಮ್ಮ ಮನೆಗೆ ಹಿಂದಿರುಗಿದ ನಂತರ ಸತ್ತರು.

ಮಂಡಳಿಯ ಸಭೆ

ಸದರಿ ಪ್ರದೇಶವು ಸೇಂಟ್ ಜೇಮ್ಸ್ ಪ್ಯಾರಿಷ್ ಎಂಬ ಸ್ಥಳೀಯ ಆಡಳಿತ ಘಟಕಕ್ಕೆ ಸೇರಿತ್ತು. ಬಡವರ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದ ಅಲ್ಲಿನ ಪೋಷಕರ ಮಂಡಳಿಯ ಮುಂದೆ ಸ್ನೋ ಅವರು ಸೆಪ್ಟೆಂಬರ್ 7ರ ಗುರುವಾರ ಸಂಜೆ ಹಾಜರಾಗಿ ತಾವು ಸಂಗ್ರಹಿಸಿದ ಅಂಕಿಅಂಶಗಳನ್ನು ವಿವರಿಸಿದರು. ಸ್ನೋ ಅವರು ಉತ್ತಮ ಭಾಷಣಕಾರರಾಗಿರಲಿಲ್ಲ. ಅವರ ಧ್ವನಿ ಕರ್ಕಶವಾಗಿತ್ತು. ಅವರ ಬಳಿ ಇದ್ದುದು ವಿಳಾಸ ಮತ್ತು ಸಂಖ್ಯೆಗಳು ಮಾತ್ರ. ಗಾಳಿಯಿಂದ ರೋಗ ಬರುತ್ತದೆ ಎಂದು ದೇಶದ ಪ್ರಮುಖ ವೈದ್ಯರೇ ಹೇಳುತ್ತಿದ್ದ ಕಾಲದಲ್ಲಿ ಮಂಡಳಿಯ ಸದಸ್ಯರಿಗೆ ಸ್ನೋ ಅವರ ವಾದವನ್ನು ಪೂರ್ಣವಾಗಿ ನಂಬಲು ಕಾರಣವಿರಲಿಲ್ಲ.

ಹಾಗಿದ್ದರೂ ಮಂಡಳಿಯು ಅವರ ಮಾತನ್ನು ಕೇಳಿಸಿಕೊಂಡು ಪಂಪಿನ ಹಿಡಿಕೆಯನ್ನು ತೆಗೆಯಲು ತೀರ್ಮಾನಿಸಿತು. ಮಾರನೆಯ ದಿನ, ಅಂದರೆ 1854ರ ಸೆಪ್ಟೆಂಬರ್ 8ರಂದು, ಹಿಡಿಕೆಯನ್ನು ತೆಗೆಯಲಾಯಿತು. ಹಿಡಿಕೆ ತೆಗೆಯುವ ಮುನ್ನವೇ ಸಾವುಗಳು ಇಳಿಮುಖವಾಗಿದ್ದವು ಮತ್ತು ಅದಕ್ಕೆ ಜನರು ಊರು ಬಿಟ್ಟು ಹೋದದ್ದೂ ಕಾರಣವಿರಬಹುದು ಎಂಬುದನ್ನು ಸ್ನೋ ಅವರು ತಮ್ಮ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದರು.

ಎರಡು ನೀರಿನ ಕಂಪನಿಗಳ ಲೆಕ್ಕ

ಬ್ರಾಡ್ ಸ್ಟ್ರೀಟ್ ಪ್ರಕರಣಕ್ಕೆ ಮುನ್ನವೇ ಸ್ನೋ ಅವರು ಇನ್ನೊಂದು ದೊಡ್ಡ ತನಿಖೆಯನ್ನು ಆರಂಭಿಸಿದ್ದರು. ಲಂಡನ್‌ನ ದಕ್ಷಿಣ ಭಾಗದ ಸುಮಾರು 3 ಲಕ್ಷ ಜನರಿಗೆ ಎರಡು ಕಂಪನಿಗಳು ಒಂದೇ ಬೀದಿಗಳಲ್ಲಿ ಕೊಳವೆ ಹಾಕಿ ನೀರು ಪೂರೈಸುತ್ತಿದ್ದವು. ಲ್ಯಾಂಬೆತ್ ಕಂಪನಿಯು 1852ರಲ್ಲಿ ತನ್ನ ನೀರೆತ್ತುವ ಸ್ಥಳವನ್ನು ನಗರದ ಕೊಳಚೆ ಸೇರದ ಥೇಮ್ಸ್ ನದಿಯ ಮೇಲ್ಭಾಗಕ್ಕೆ ಸ್ಥಳಾಂತರಿಸಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯು ನಗರದ ಒಳಚರಂಡಿ ಸೇರುವ ಬ್ಯಾಟರ್‌ಸೀ ಬಳಿಯಿಂದಲೇ ನೀರೆತ್ತುತ್ತಿತ್ತು.

ಅನೇಕ ಬಾಡಿಗೆದಾರರಿಗೆ ತಮ್ಮ ಮನೆಗೆ ಯಾವ ಕಂಪನಿಯ ನೀರು ಬರುತ್ತದೆ ಎಂಬುದೇ ತಿಳಿದಿರಲಿಲ್ಲ. ಇದಕ್ಕೆ ಸ್ನೋ ಅವರು ಒಂದು ಸರಳ ಪರೀಕ್ಷೆಯನ್ನು ಕಂಡುಕೊಂಡರು. ನದಿಯ ಕೆಳಭಾಗದ ನೀರಿನಲ್ಲಿ ಉಪ್ಪಿನ ಅಂಶ ಅಧಿಕವಾಗಿದ್ದು, ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹಾಕಿದಾಗ ಆ ನೀರು ಬೆಳ್ಳಗೆ ಕದಡುತ್ತಿತ್ತು. ಲ್ಯಾಂಬೆತ್ ಕಂಪನಿಯ ಒಂದು ಗ್ಯಾಲನ್ ನೀರಿನಲ್ಲಿ 0.95 ಗ್ರೇನ್ ಉಪ್ಪು ಇದ್ದರೆ ಇನ್ನೊಂದು ಕಂಪನಿಯ ನೀರಿನಲ್ಲಿ 37.9 ಗ್ರೇನ್ ಇತ್ತು. ಹೀಗೆ ಮನೆ ಮನೆಯ ನೀರನ್ನು ಗುರುತಿಸಿ, 1854ರ ಸಾಂಕ್ರಾಮಿಕದ ಮೊದಲ 7 ವಾರಗಳ ಮರಣಗಳನ್ನು ಅವರು ಈ ಕೆಳಕಂಡಂತೆ ಲೆಕ್ಕ ಹಾಕಿದರು.

ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ: ಮನೆಗಳು 40,046, ಮರಣಗಳು 1,263, ಪ್ರತಿ 10,000 ಮನೆಗಳಿಗೆ 315.

ಲ್ಯಾಂಬೆತ್ ಕಂಪನಿ: ಮನೆಗಳು 26,107, ಮರಣಗಳು 98, ಪ್ರತಿ 10,000 ಮನೆಗಳಿಗೆ 37.

ಲಂಡನ್‌ನ ಉಳಿದ ಭಾಗ: ಮನೆಗಳು 2,56,423, ಮರಣಗಳು 1,422, ಪ್ರತಿ 10,000 ಮನೆಗಳಿಗೆ ಸುಮಾರು 55.

ಬೀದಿ ಒಂದೇ, ಗಾಳಿ ಒಂದೇ, ಬಡವರು ಮತ್ತು ಶ್ರೀಮಂತರು ಎರಡೂ ಕಂಪನಿಗಳ ಗ್ರಾಹಕರಲ್ಲಿ ಇದ್ದರು. ವ್ಯತ್ಯಾಸವಿದ್ದುದು ನೀರಿನ ಮೂಲದಲ್ಲಿ. ಮೂಲವನ್ನು ಸ್ಥಳಾಂತರಿಸಿದ ಕಂಪನಿಯ ಮನೆಗಳಲ್ಲಿ ಸಾವಿನ ಪ್ರಮಾಣವು ಸುಮಾರು ಎಂಟನೇ ಒಂದು ಭಾಗದಷ್ಟಿತ್ತು.

ಬಾವಿಯ ದೋಷ ಪತ್ತೆಯಾದ ಬಗೆ

ಬ್ರಾಡ್ ಸ್ಟ್ರೀಟ್ ಬಾವಿಗೆ ಮಲಿನತೆ ಸೇರಿದ್ದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. ಸಾಂಕ್ರಾಮಿಕದ ನಂತರ ಬಾವಿಯನ್ನು ತೆರೆದು ನೋಡಿದಾಗ ಇಟ್ಟಿಗೆಯ ಗೋಡೆಯಲ್ಲಿ ರಂಧ್ರ ಅಥವಾ ಬಿರುಕು ಇಲ್ಲವೆಂದು ಕೆಲಸದ ಮೇಲ್ವಿಚಾರಕರು ತಿಳಿಸಿದರು. ಕೆಲ ಸಮಯದ ನಂತರ ಪಂಪಿಗೆ ಹಿಡಿಕೆಯನ್ನು ಮತ್ತೆ ಅಳವಡಿಸಲಾಯಿತು. 

ಪ್ಯಾರಿಷ್ ವತಿಯಿಂದ ರಚಿಸಲಾದ ವಿಚಾರಣಾ ಸಮಿತಿಯಲ್ಲಿ ಸ್ನೋ ಅವರೊಂದಿಗೆ ಹೆನ್ರಿ ವೈಟ್‌ಹೆಡ್ ಎಂಬ ಯುವ ಪಾದ್ರಿಯೂ ಇದ್ದರು. ಬಡಾವಣೆಯ ಪ್ರತಿ ಕುಟುಂಬದ ಪರಿಚಯವಿದ್ದ ವೈಟ್‌ಹೆಡ್ ಅವರು ಪ್ರಾರಂಭದಲ್ಲಿ ಸ್ನೋ ಅವರ ವಾದವನ್ನು ನಂಬಿರಲಿಲ್ಲ. ಅದನ್ನು ಸುಳ್ಳೆಂದು ತೋರಿಸುವ ಉದ್ದೇಶದಿಂದಲೇ ಮನೆ ಮನೆಗೆ ಭೇಟಿ ನೀಡಿದ ಅವರು, ದೊರೆತ ಮಾಹಿತಿಯಿಂದಾಗಿ ಕೊನೆಗೆ ಅದೇ ಅಭಿಪ್ರಾಯಕ್ಕೆ ಬಂದರು. ಮರಣ ದಾಖಲೆಗಳನ್ನು ಪರಿಶೀಲಿಸುವಾಗ, ಪಂಪಿಗೆ ಹೊಂದಿಕೊಂಡ 40ನೇ ಸಂಖ್ಯೆಯ ಮನೆಯಲ್ಲಿ 5 ತಿಂಗಳ ಹಸುಳೆಯೊಂದು ಸಾಂಕ್ರಾಮಿಕಕ್ಕೆ ಮುನ್ನವೇ ಭೇದಿಯಿಂದ ಬಳಲಿ ಸೆಪ್ಟೆಂಬರ್ 2ರಂದು ಮೃತಪಟ್ಟ ವಿಷಯವು ಅವರ ಗಮನಕ್ಕೆ ಬಂದಿತು. ತಾಯಿಯು ಮಗುವಿನ ಬಟ್ಟೆ ತೊಳೆದ ನೀರನ್ನು ಮನೆಯ ಮುಂಭಾಗದ ಮಲಗುಂಡಿಗೆ ಸುರಿಯುತ್ತಿದ್ದರು.

1855ರಲ್ಲಿ ಮಲಗುಂಡಿ ಮತ್ತು ಬಾವಿಯ ನಡುವಿನ ನೆಲವನ್ನು ಅಗೆಯಿಸಲಾಯಿತು. ಗುಂಡಿಯ ಇಟ್ಟಿಗೆಗಳು ಶಿಥಿಲವಾಗಿದ್ದವು. ಬಾವಿಗೂ ಗುಂಡಿಗೂ ನಡುವಿನ ಅಂತರ 3 ಅಡಿಗಿಂತಲೂ ಕಡಿಮೆ ಇತ್ತು. ನಡುವಿನ ಮಣ್ಣು ಮಲಿನ ನೀರಿನಿಂದ ತೊಯ್ದಿತ್ತು. ಒಳಗಿನಿಂದ ನೋಡಿದಾಗ ಸುಸ್ಥಿತಿಯಲ್ಲಿ ಕಂಡಿದ್ದ ಬಾವಿಗೆ ಹೊರಗಿನ ಮಣ್ಣಿನ ಮೂಲಕ ಮಲಿನತೆ ಇಳಿಯುತ್ತಿತ್ತು.

ಈ ವಿಚಾರಣೆಯಿಂದ ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿತು. ಆ ಹಸುಳೆಯ ತಂದೆಯು ಪಂಪಿನ ಹಿಡಿಕೆಯನ್ನು ತೆಗೆದ ಸೆಪ್ಟೆಂಬರ್ 8ರಂದೇ ಕಾಲರಾಕ್ಕೆ ತುತ್ತಾಗಿ, ಸೆಪ್ಟೆಂಬರ್ 19ರಂದು ಮೃತಪಟ್ಟರು. ಅಂದು ಮಂಡಳಿಯು ತೀರ್ಮಾನವನ್ನು ಮುಂದೂಡಿದ್ದರೆ, ಅದೇ ಮನೆಯಿಂದ ಅದೇ ಗುಂಡಿಯ ಮೂಲಕ ರೋಗವು ಮತ್ತೊಮ್ಮೆ ಬಾವಿಯನ್ನು ಸೇರಿ, ಬಡಾವಣೆಗೆ ಹಿಂದಿರುಗುತ್ತಿದ್ದ ಜನರು ಅದೇ ನೀರನ್ನು ಕುಡಿಯುವ ಸಾಧ್ಯತೆಯಿತ್ತು. ಸಾವುಗಳು ಕಡಿಮೆಯಾದ ನಂತರ ಕೈಗೊಂಡ ಕ್ರಮವಾದರೂ ಅದು ನಿರರ್ಥಕವಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಅಂತಿಮ ದಿನಗಳು

1855ರಲ್ಲಿ ಸ್ನೋ ಅವರು ತಮ್ಮ ಪುಸ್ತಕದ ವಿಸ್ತೃತ ಎರಡನೇ ಆವೃತ್ತಿಯನ್ನು ಪ್ರಕಟಿಸಿದರು. ಪುಸ್ತಕದ ಮಾರಾಟದಿಂದ ಅದಕ್ಕೆ ಮಾಡಿದ ವೆಚ್ಚವೂ ಹಿಂದಿರುಗಲಿಲ್ಲ. ಸರ್ಕಾರದ ಆರೋಗ್ಯ ಮಂಡಳಿಯು ನೇಮಿಸಿದ್ದ ವೈಜ್ಞಾನಿಕ ಸಮಿತಿಯು ಬ್ರಾಡ್ ಸ್ಟ್ರೀಟ್ ಪ್ರಕರಣವನ್ನು ಪರಿಶೀಲಿಸಿ, ಸ್ನೋ ಅವರ ಅಭಿಪ್ರಾಯವನ್ನು ಒಪ್ಪಲು ಕಾರಣವಿಲ್ಲವೆಂದು ವರದಿ ನೀಡಿತು.

ಅವಿವಾಹಿತರಾಗಿಯೇ ಉಳಿದು, ಸರಳ ಜೀವನ ನಡೆಸುತ್ತಿದ್ದ ಸ್ನೋ ಅವರು 1858ರ ಜೂನ್ 10ರಂದು ಅರಿವಳಿಕೆಯ ಕುರಿತ ತಮ್ಮ ಗ್ರಂಥವನ್ನು ಬರೆಯುತ್ತಿರುವಾಗ ಪಾರ್ಶ್ವವಾಯುವಿಗೆ ತುತ್ತಾದರು. ಜೂನ್ 16ರಂದು, 45ನೇ ವಯಸ್ಸಿನಲ್ಲಿ ನಿಧನರಾದರು. ಲಂಡನ್‌ನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಕಾಲರಾ ಕುರಿತ ಅವರ ಸಂಶೋಧನೆಯು ಸತ್ಯವೆಂದು ಸಾಬೀತಾಗುವುದನ್ನು ಅವರು ನೋಡಲಿಲ್ಲ.

ಮರಣಾನಂತರದ ಮನ್ನಣೆ

1866ರಲ್ಲಿ ಲಂಡನ್‌ನ ಪೂರ್ವ ಭಾಗದಲ್ಲಿ ಕಾಲರಾ ಕಾಣಿಸಿಕೊಂಡಾಗ, ಮರಣ ಅಂಕಿಅಂಶಗಳ ಅಧಿಕಾರಿಯಾಗಿದ್ದ ವಿಲಿಯಂ ಫಾರ್ ಅವರು ಸ್ನೋ ಅವರ ವಿಧಾನವನ್ನೇ ಅನುಸರಿಸಿ ಒಂದು ನೀರಿನ ಕಂಪನಿಯ ಪೂರೈಕೆಯೇ ಕಾರಣವೆಂದು ತೋರಿಸಿದರು. ಹಿಂದೆ ಗಾಳಿಯ ವಾದವನ್ನು ನಂಬಿದ್ದವರಲ್ಲಿ ಅವರೂ ಒಬ್ಬರಾಗಿದ್ದರು. 1854ರಲ್ಲಿಯೇ ಇಟಲಿಯ ಫಿಲಿಪ್ಪೊ ಪಚೀನಿ ಅವರು ಕಾಲರಾ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರೂ ಅದು ಪ್ರಚಾರ ಪಡೆದಿರಲಿಲ್ಲ. ಜರ್ಮನಿಯ ರಾಬರ್ಟ್ ಕಾಕ್ ಅವರು 1883ರಲ್ಲಿ ಈಜಿಪ್ಟಿನಲ್ಲಿ ಅಧ್ಯಯನ ಆರಂಭಿಸಿ, ನಂತರ ನಮ್ಮ ದೇಶದ ಕಲ್ಕತ್ತಾಕ್ಕೆ ಬಂದು, 1884ರಲ್ಲಿ ಅಲ್ಲಿನ ಜನರು ಕುಡಿಯಲು ಬಳಸುತ್ತಿದ್ದ ಕೆರೆಯ ನೀರಿನಲ್ಲಿ ಆ ರೋಗಾಣುವನ್ನು ಕಂಡರು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯ ನೀರು ಸರಬರಾಜಿನಲ್ಲಿ ನಿರಂತರ ಕ್ಲೋರಿನೀಕರಣ ಆರಂಭವಾಗಿ, ಕ್ರಮೇಣ ಜಗತ್ತಿನ ಇತರೆಡೆಗಳಲ್ಲಿಯೂ ಬಳಕೆಗೆ ಬಂದಿತು. ಬ್ರಾಡ್ ಸ್ಟ್ರೀಟ್ ಈಗ ಬ್ರಾಡ್‌ವಿಕ್ ಸ್ಟ್ರೀಟ್ ಎಂಬ ಹೆಸರು ಪಡೆದಿದ್ದು, ಅಲ್ಲಿ ಹಿಡಿಕೆಯಿಲ್ಲದ ಪಂಪಿನ ಪ್ರತಿಕೃತಿಯನ್ನು ಸ್ಮಾರಕವಾಗಿ ನಿಲ್ಲಿಸಲಾಗಿದೆ.

ನೀರಗಂಟಿಗಳು ಗಮನಿಸಬೇಕಾದ ಅಂಶಗಳು

1. ತಿಳಿಯಾಗಿ ಕಾಣುವ ನೀರು ಶುದ್ಧವಾಗಿದೆಯೆಂದು ಭಾವಿಸಬಾರದು. ಬ್ರಾಡ್ ಸ್ಟ್ರೀಟ್ ನೀರು ತಿಳಿಯಾಗಿಯೇ ಇತ್ತು. ಕ್ಷೇತ್ರ ಪರೀಕ್ಷಾ ಕಿಟ್ ಮೂಲಕ ಹಾಗೂ ಪ್ರಯೋಗಾಲಯದ ಮೂಲಕ ನಿಯಮಿತವಾಗಿ ಪರೀಕ್ಷಿಸಬೇಕು.

2. ನೀರಿನ ಮೂಲವನ್ನು ಪರಿಶೀಲಿಸುವಾಗ ಬಾವಿ ಅಥವಾ ಕೊಳವೆಯನ್ನು ಮಾತ್ರ ನೋಡಿದರೆ ಸಾಲದು. ಸುತ್ತಲಿನ ಶೌಚಗುಂಡಿ, ಚರಂಡಿ, ತಿಪ್ಪೆಗುಂಡಿ, ಬಿರುಕು ಬಿಟ್ಟ ಕಟ್ಟೆ ಹಾಗೂ ನಿಂತ ನೀರನ್ನೂ ಗಮನಿಸಬೇಕು.

3. ಬ್ಲೀಚಿಂಗ್ ಪುಡಿಯನ್ನು ಅಂದಾಜಿನ ಮೇಲೆ ಹಾಕದೆ ಟ್ಯಾಂಕಿನ ನೀರಿನ ಪ್ರಮಾಣಕ್ಕೆ ತಕ್ಕಂತೆ ಅಳತೆ ಮಾಡಿ ಬಳಸಬೇಕು. ಭಾರತೀಯ ಮಾನಕ 10500ರ (2012) ಪ್ರಕಾರ ಕ್ಲೋರಿನ್ ಬಳಸಿದ ನೀರಿನಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಇದನ್ನು ಟ್ಯಾಂಕಿನ ಬಳಿ ಮಾತ್ರವಲ್ಲದೆ ಕೊನೆಯ ನಳದಲ್ಲಿಯೂ ಪರೀಕ್ಷಿಸಬೇಕು.

4. ಪರೀಕ್ಷೆಯ ದಿನಾಂಕ, ಸ್ಥಳ ಮತ್ತು ಫಲಿತಾಂಶವನ್ನು ವಹಿಯಲ್ಲಿ ದಾಖಲಿಸಬೇಕು. ಸ್ನೋ ಅವರ ಕಾರ್ಯವು ನಿಂತಿದ್ದುದೇ ಮರಣ ನೋಂದಣಿಯ ದಾಖಲೆಗಳ ಮೇಲೆ.

ಸಮಿತಿ ಸದಸ್ಯರು ಗಮನಿಸಬೇಕಾದ ಅಂಶಗಳು

1. ಒಂದೇ ಬೀದಿಯಲ್ಲಿ ಹಲವರಿಗೆ ವಾಂತಿಭೇದಿ ಕಾಣಿಸಿದಲ್ಲಿ ಮುಂದಿನ ಸಾಮಾನ್ಯ ಸಭೆಗೆ ಕಾಯದೆ ತುರ್ತು ಸಭೆ ಸೇರಬೇಕು ಹಾಗೂ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಬೇಕು. ಮೂಲವು ಸಂಶಯಾಸ್ಪದವಾದಲ್ಲಿ ಅದನ್ನು ಸ್ಥಗಿತಗೊಳಿಸಿ ಬದಲಿ ನೀರಿನ ವ್ಯವಸ್ಥೆಯನ್ನು ಮಾಡಬೇಕು.

2. ಸ್ಥಗಿತಗೊಳಿಸಿದ ಮೂಲವನ್ನು ಕಾರಣ ಪತ್ತೆಯಾಗಿ, ದುರಸ್ತಿಯಾಗಿ, ಪರೀಕ್ಷೆಯಲ್ಲಿ ಶುದ್ಧವೆಂದು ಕಂಡುಬಂದ ನಂತರವೇ ಮತ್ತೆ ತೆರೆಯಬೇಕು. ಜನರ ಒತ್ತಾಯವು ಅದಕ್ಕೆ ಆಧಾರವಾಗಬಾರದು.

3. ಜಲ ಜೀವನ್ ಮಿಷನ್ (2019) ಮಾರ್ಗಸೂಚಿಯಲ್ಲಿ 10ರಿಂದ 15 ಸದಸ್ಯರ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದೂ, ಪ್ರತಿ ಗ್ರಾಮದ 5 ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ನೀಡಬೇಕೆಂದೂ ತಿಳಿಸಲಾಗಿದೆ. ಬ್ರಾಡ್ ಸ್ಟ್ರೀಟ್‌ನಲ್ಲಿ ರೋಗದ ಮೂಲವು ತಿಳಿದುಬಂದದ್ದು ಒಬ್ಬ ತಾಯಿ ನೀಡಿದ ಮಾಹಿತಿಯಿಂದ ಎಂಬುದನ್ನು ಇಲ್ಲಿ ಸ್ಮರಿಸಬಹುದು.

4. ತರಬೇತಿಗೆ ಹಾಗೂ ಪರೀಕ್ಷಾ ಸಾಮಗ್ರಿಗೆ ತಗಲುವ ವೆಚ್ಚವನ್ನು ಆಯವ್ಯಯದಲ್ಲಿ ಮುಂಚಿತವಾಗಿಯೇ ಸೇರಿಸಿಕೊಳ್ಳಬೇಕು.

ಉಪಸಂಹಾರ

ಡಾ. ಜಾನ್ ಸ್ನೋ ಅವರ ಬಳಿ ಅಧಿಕಾರವಿರಲಿಲ್ಲ. ಹಿಡಿಕೆಯನ್ನು ತೆಗೆಯುವ ಅಧಿಕಾರವಿದ್ದುದು ಸ್ಥಳೀಯ ಮಂಡಳಿಯ ಸದಸ್ಯರಿಗೆ. ನೀರಿನ ಬಗ್ಗೆ ಅವರಿಗೆ ಯಾವ ತರಬೇತಿಯೂ ಇರಲಿಲ್ಲವಾದರೂ, ತಿಳಿದವರ ಮಾತನ್ನು ಆಲಿಸಿ ಒಂದೇ ದಿನದಲ್ಲಿ ಕ್ರಮ ಕೈಗೊಂಡರು. ಬಾವಿಯ ಪಕ್ಕದ ಮಲಗುಂಡಿಯನ್ನು ಮೊದಲೇ ಗುರುತಿಸಬಲ್ಲ ತರಬೇತಿ ಪಡೆದ ಒಬ್ಬ ನಿರ್ವಾಹಕ ಅಲ್ಲಿ ಇದ್ದಿದ್ದರೆ ಹಿಡಿಕೆ ತೆಗೆಯುವ ಸಂದರ್ಭವೇ ಬರದೆ ಇರಬಹುದಿತ್ತು.

ನಳ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಗ್ರಾಮದ ನೀರಗಂಟಿ ತರಬೇತಿ ಪಡೆದಿದ್ದಾರೆಯೇ, ನೀರಿನ ಪರೀಕ್ಷಾ ವಹಿಯನ್ನು ಕ್ರಮವಾಗಿ ನಿರ್ವಹಿಸಲಾಗುತ್ತಿದೆಯೇ ಎಂಬುದನ್ನು ಗ್ರಾಮ ಸಭೆಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು ಸೂಕ್ತ. ನೀರಿನ ಬಣ್ಣ, ವಾಸನೆ ಅಥವಾ ಕೊಳವೆ ಸೋರಿಕೆಯ ಬಗ್ಗೆ ದೂರುಗಳಿದ್ದಲ್ಲಿ ತಡಮಾಡದೆ ಗ್ರಾಮ ಪಂಚಾಯತಿಗೆ ಲಿಖಿತವಾಗಿ ತಿಳಿಸಿ ಸಹಕರಿಸಲು ಕೋರಲಾಗಿದೆ.